ಮುಂಗಡವಾಗಿ ಬರೆದಿಟ್ಟ ವಚನ: ಒಂದು ಕ್ರೈಸ್ತ ಮನೆಯ ಪ್ರಕರಣ

200 ಪುಟದ ಗೆರೆ ಹಾಕಿದ ನೋಟ್‌ಬುಕ್ಕು. ಮೊದಲ 30 ಪುಟಗಳ ತುಂಬ ಒಂದೇ ಮಾತು: ಸುಳ್ಳು ತುಟಿ ಯೆಹೋವನಿಗೆ ಅಸಹ್ಯ. ಬೈಬಲಿನ ಜ್ಞಾನೋಕ್ತಿ ಗ್ರಂಥದ 12ನೇ ಅಧ್ಯಾಯದ 22ನೇ ವಚನದ ಮೊದಲರ್ಧ ಅದು. ಎರಡು ಪುಟಕ್ಕೊಮ್ಮೆ ಮೇಲೆ ತಾರೀಖು, ಕೆಳಗೆ ಅಪ್ಪನ ಸಹಿ. ಒಂದು ಸುಳ್ಳಿಗೆ 50 ಸಲ ಬರೆಯಬೇಕೆಂಬುದು ಆ ಮನೆಯ ಕಾನೂನು. ಪುಟಕ್ಕೆ 25 ಸಾಲು. ಅಲ್ಲಿಗೆ 15 ಸುಳ್ಳುಗಳ ಲೆಕ್ಕ ಚುಕ್ತಾ. ಮುಂದಿನ 12 ಪುಟಗಳಲ್ಲೂ ಅದೇ ವಚನ, ಅದೇ ಕೈಬರಹ, ಅವಸರವಿಲ್ಲದ್ದರಿಂದಲೋ ಏನೋ ಅಕ್ಷರ ಇನ್ನಷ್ಟು ದುಂಡಗೆ. ಆದರೆ ತಾರೀಖಿನ ಜಾಗ ಖಾಲಿ. ಸಹಿಯೂ ಇಲ್ಲ.

ಕಪಾಟು ಒರೆಸುವಾಗ ಈ ಪುಸ್ತಕ ಅಮ್ಮನ ಕೈಗೆ ಸಿಕ್ಕಿತು. ಯಾರೂ ಹೇಳದೆ ಮಗ ತಾನಾಗಿಯೇ ವಚನ ಬರೆಯುತ್ತಿದ್ದಾನೆ ಎಂದುಕೊಂಡು ಆಕೆಗೆ ಕಣ್ಣು ತುಂಬಿ ಬಂತಂತೆ. ಸಂಜೆ ಖುಷಿಯಿಂದಲೇ ಗಂಡನಿಗೆ ತೋರಿಸಿದರು. ಅವರು ಖಾಲಿ ಬಿಟ್ಟ ಜಾಗ ನೋಡಿದರು, ಪುಟ ಎಣಿಸಿದರು, ಸುಮ್ಮನೆ ಕುಳಿತುಬಿಟ್ಟರು. 13 ವರ್ಷದ ಹುಡುಗ ತಾನು ಇನ್ನು ಮುಂದೆ ಹೇಳಲಿರುವ ಆರು ಸುಳ್ಳುಗಳಿಗೆ ಮುಂಗಡ ಕಟ್ಟಿಟ್ಟಿದ್ದ.

ನಾನು ಆ ಹುಡುಗನ ಸಂಡೇ ಸ್ಕೂಲ್ ಶಿಕ್ಷಕ. ಮನಶ್ಶಾಸ್ತ್ರ ಓದಿದವನಲ್ಲ. ಆ ಭಾನುವಾರ ಆರಾಧನೆ ಮುಗಿದ ಮೇಲೆ ಅಪ್ಪ ಬೈಬಲಿನ ಚೀಲದಿಂದ ನೋಟ್‌ಬುಕ್ಕು ತೆಗೆದು ನನ್ನ ಕೈಗಿಟ್ಟರು. "ನೂರು ಸಲ ಮಾಡ್ಲಾ ಅಣ್ಣಾ?" ಎಂಬುದು ಅವರ ಮೊದಲ ಪ್ರಶ್ನೆ. ನಗು ಬಂತು, ತಡೆದುಕೊಂಡೆ. ಎರಡನೆಯ ಪ್ರಶ್ನೆ ಕೇಳಿದಾಗ ನಗು ಹೋಯಿತು. "ನಿಮ್ಮ ಕ್ಲಾಸಲ್ಲಿ ಹೇಗಿದ್ದಾನೆ?" ಕ್ಲಾಸಿಗೆ ಅವನು ಐದು ವಾರದಿಂದ ಬಂದೇ ಇರಲಿಲ್ಲ. ಪ್ರತಿ ಭಾನುವಾರ ಮನೆಗೆ ಹೋಗಿ ಇವತ್ತು ಇಂಥ ಪಾಠ ಆಯಿತು ಎಂದು ಒಪ್ಪಿಸುತ್ತಿದ್ದನಂತೆ. ಅದು ಹೇಗೆ ಎಂಬುದು ಆಮೇಲೆ ಗೊತ್ತಾಯಿತು. ಸಣ್ಣ ಮಕ್ಕಳ ತರಗತಿಯಲ್ಲಿರುವ 9 ವರ್ಷದ ತಂಗಿಯನ್ನು ದಾರಿಯಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದ. ಅವಳಿಗೆ ಅಣ್ಣ ತನ್ನ ಪಾಠ ಇಷ್ಟು ಆಸೆಯಿಂದ ಕೇಳುತ್ತಾನಲ್ಲ ಎಂದು ಹೆಮ್ಮೆ.

ಹಾಜರಿ ಪುಸ್ತಕದಲ್ಲಿ ಐದು ವಾರವೂ ಗೈರು ಎಂದು ಗುರುತು ಹಾಕಿದವನು ನಾನೇ. ಒಂದು ಸಲವೂ ಆ ಮನೆಗೆ ಫೋನ್ ಮಾಡಿರಲಿಲ್ಲ. ಹೀಗಾಗಿ ಈ ಪ್ರಕರಣದಲ್ಲಿ ನಾನು ಹೊರಗೆ ನಿಂತು ನೋಡಿದವನಲ್ಲ. ಸುಮಾರು ಒಂದು ವರ್ಷ ಅವರ ಜೊತೆ ಕುಳಿತು, ನಡೆದು, ಮಾತಾಡಿದ್ದನ್ನು ಬರೆಯುತ್ತಿದ್ದೇನೆ. ಅವರು ಓದಿ ಒಪ್ಪಿದ್ದಾರೆ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ.

ಮನೆಯವರು

ಅಪ್ಪ ಬೆಲ್ಟಿನ ಏಟು ತಿಂದು ಬೆಳೆದವರು. ಅವರ ತಂದೆಯೂ ವಿಶ್ವಾಸಿ. ಮೊದಲು ಪ್ರಾರ್ಥನೆ ಮಾಡಿ ಆಮೇಲೆ ಹೊಡೆಯುತ್ತಿದ್ದರಂತೆ. "ಆ ಪ್ರಾರ್ಥನೆ ಶುರುವಾದ್ರೆ ಹೊಟ್ಟೆ ತೊಳಸೋದು. ಈಗಲೂ ಯಾರಾದ್ರೂ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದ್ರೆ ಬೆನ್ನು ಸೆಟೆದುಕೊಳ್ಳುತ್ತೆ ಅಣ್ಣಾ," ಎಂದರು. ಮಕ್ಕಳ ಮೇಲೆ ಕೈ ಎತ್ತುವುದಿಲ್ಲ ಎಂದು ಮದುವೆಗೆ ಮೊದಲೇ ತೀರ್ಮಾನಿಸಿದ್ದರು, ಅದನ್ನು ಉಳಿಸಿಕೊಂಡೂ ಇದ್ದರು. ನೋಟ್‌ಬುಕ್ಕು ಅವರ ಮಟ್ಟಿಗೆ ಕರುಣೆ. ಏಟಿನ ಬದಲು ದೇವರ ವಾಕ್ಯ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು, ಇಲ್ಲದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಅಮ್ಮ ಎಲ್ಲರ ನಡುವೆ ಮೆತ್ತೆಯ ಹಾಗೆ. ಒಡೆದ ಕಿಟಕಿ, ಕಳೆದ ಪುಸ್ತಕ, ಕಡಿಮೆ ಬಂದ ಅಂಕ, ಯಾವುದಾದರೂ ಸರಿ, "ಅಪ್ಪನಿಗೆ ಹೇಳೋದು ಬೇಡ" ಎಂದು ಮುಚ್ಚುವವರು. ಒಳ್ಳೆಯ ಮನಸ್ಸಿನಿಂದಲೇ. ಆದಿಕಾಂಡ 27ರ ರೆಬೆಕ್ಕಳ ಮನಸ್ಸೂ ಮಗನ ಕಡೆಗೆ ಒಳ್ಳೆಯದೇ ಆಗಿತ್ತು. ಕುರುಡಾದ ತಂದೆಗೆ ಮೋಸ ಮಾಡುವುದನ್ನು ಯಾಕೋಬ ಕಲಿತದ್ದು ತಾಯಿಯ ಅಡುಗೆಮನೆಯಲ್ಲಿ. ಇದನ್ನು ನಾನು ಆಕೆಗೆ ಹೇಳಲಿಲ್ಲ. ಒಂದು ದಿನ ಆಕೆಯೇ ಹೇಳಿದರು.

ಕುಟುಂಬ ಪ್ರಾರ್ಥನೆ ದಿನಾ ರಾತ್ರಿ 40 ನಿಮಿಷ. ಅಪ್ಪ ಓದುವುದು, ಅಪ್ಪ ವಿವರಿಸುವುದು, ಉಳಿದವರು ಆಮೆನ್.

ಶಿಕ್ಷೆ ಎಂಬ ಮಾತು

ಮೊದಲ ಎರಡು ಭೇಟಿ ಅಪ್ಪನ ಜೊತೆ ಮಾತ್ರ. ಒಂದು ವಾರ ಯಾವ ಶಿಕ್ಷೆಯೂ ಬೇಡ ಎಂದು ಕೇಳಿಕೊಂಡಿದ್ದೆ. ಅದು ಅವರಿಗೆ ಕಷ್ಟವಾಯಿತು. "ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಅಂತಿದೆ. ನಾನು ಬೆತ್ತ ಬಿಟ್ಟೆ. ಬರೆಸೋದನ್ನೂ ಬಿಟ್ಟರೆ ಉಳಿದದ್ದೇನು?" ಎಂದರು. ಜ್ಞಾನೋಕ್ತಿ 13:24. ಅದರ ಬೆನ್ನಿಗೇ 22:6 ಬಂತು: ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ಹುಡುಗನನ್ನು ಶಿಕ್ಷಿಸು, ಮುಪ್ಪಿನಲ್ಲಿಯೂ ಓರೆಯಾಗನು.

ನಮ್ಮ ಕನ್ನಡ ಓದುಗರಿಗೆ ಇಲ್ಲೊಂದು ತೊಡಕಿದೆ. ಶಿಕ್ಷೆ, ಶಿಕ್ಷಣ, ಶಿಕ್ಷಕ ಎಲ್ಲ ಒಂದೇ ಬೇರಿನ ಮಾತು. ಹಳೆಯ ಅನುವಾದದ 'ಶಿಕ್ಷಿಸು' ಎಂಬಲ್ಲಿ ಕಲಿಸು ಎಂಬ ಅರ್ಥ ತುಂಬಿಕೊಂಡಿತ್ತು. ಇವತ್ತಿನ ಕಿವಿಗೆ ಅದು ದಂಡನೆಯಾಗಿ ಮಾತ್ರ ಕೇಳಿಸುತ್ತದೆ. ಮೂಲ ಹೀಬ್ರೂವಿನಲ್ಲಿ ಆ ವಚನದ ಕ್ರಿಯಾಪದ ದಂಡನೆಗೆ ಸೇರಿದ್ದೇ ಅಲ್ಲ. ಸೊಲೊಮೋನನು ದೇವಾಲಯವನ್ನು ಪ್ರತಿಷ್ಠೆ ಮಾಡಿದ ಸಂದರ್ಭದಲ್ಲಿ, ಅಂದರೆ 1 ಅರಸುಗಳು 8:63ರಲ್ಲಿ, ಬರುವುದೂ ಅದೇ ಪದ. ಯೆಹೂದ್ಯರ ಹನುಕ್ಕಾ ಹಬ್ಬದ ಹೆಸರೂ ಅದೇ ಬೇರಿನದು. ಹುಡುಗನನ್ನು ಒಂದು ದಾರಿಗೆ ಪ್ರತಿಷ್ಠೆ ಮಾಡುವುದು, ಹೊಸ ಮನೆ ತೆರೆದ ಹಾಗೆ ಶುರು ಮಾಡಿಕೊಡುವುದು. ಹಾಗಂತ 13:24ರ ಬೆತ್ತವನ್ನು ನಾನು ಮಾಯ ಮಾಡಲಾರೆ. ಅಲ್ಲಿರುವುದು ತಿದ್ದುವ ಮಾತೇ. ಆದರೆ ಬೆತ್ತಕ್ಕೆ ಅಲ್ಲಿ ಬಳಸಿದ ಹೀಬ್ರೂ ಪದವೇ 23ನೇ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿದೆ. ಅಲ್ಲಿ ಕುರಿಗೆ ಅದನ್ನು ಕಂಡರೆ ಧೈರ್ಯ ಬರುತ್ತದೆ. ಹುಡುಗನಿಗೆ ನೋಟ್‌ಬುಕ್ಕು ಕಂಡರೆ ಏನು ಬರುತ್ತಿತ್ತು?

ಏನೂ ಬರುತ್ತಿರಲಿಲ್ಲ ಎಂಬುದೇ ಸಮಸ್ಯೆ. ಭಯವೂ ಇಲ್ಲ, ನಾಚಿಕೆಯೂ ಇಲ್ಲ. 50 ಸಾಲು ಒಂದು ಸುಳ್ಳಿನ ಬೆಲೆಯಾಗಿತ್ತು, ಅವನು ಜಾಣನಾದ್ದರಿಂದ ಬಿಡುವಿದ್ದಾಗ ಸಂಪಾದಿಸಿ ಇಟ್ಟುಕೊಂಡ. 1517ರಲ್ಲಿ ಲೂಥರ್ ತಮ್ಮ 95 ವಾದಗಳನ್ನು ಬರೆದದ್ದು ಪಾಪದ ದಂಡನೆಗೆ ಹಣ ಕಟ್ಟಿ ಚೀಟಿ ಪಡೆಯುವ ವ್ಯವಹಾರದ ವಿರುದ್ಧ. ಐದು ಶತಮಾನದ ಮೇಲೆ ಒಂದು ಪ್ರೊಟೆಸ್ಟಂಟ್ ಮನೆಯ ಕಪಾಟಿನಲ್ಲಿ ಅದೇ ಚೀಟಿ, ಅಪ್ಪನ ಸಹಿಗೆ ಕಾದು ಕುಳಿತಿತ್ತು. ಇದನ್ನು ಹೇಳಿದಾಗ ಅಪ್ಪ ಮೊದಲ ಸಲ ನಕ್ಕರು, ಸ್ವಲ್ಪ ಹುಳ್ಳಗೆ.

ಅವರಿಗೆ ನಿಜವಾಗಿ ನಾಟಿದ್ದು ಬೇರೆ. ಎಫೆಸ 6:4 ಕನ್ನಡದಲ್ಲಿ ಜೋಡಿ ಪದ ಕೊಡುತ್ತದೆ: ಬಾಲಶಿಕ್ಷೆ, ಬಾಲೋಪದೇಶ. ಗ್ರೀಕಿನಲ್ಲೂ ಎರಡೇ, ಪೈದೇಯಾ ಮತ್ತು ನೌಥೆಸಿಯಾ. ಒಂದು ತರಬೇತಿ, ಇನ್ನೊಂದು ಎದುರು ಕೂರಿಸಿಕೊಂಡು ಬುದ್ಧಿಗೆ ಮುಟ್ಟುವಂತೆ ಹೇಳುವ ಮಾತು. ಮನೆಯ ಯಜಮಾನನಿಗೆ ಮಕ್ಕಳ ಮೇಲೆ ಹೆಚ್ಚುಕಡಿಮೆ ಪೂರ್ತಿ ಅಧಿಕಾರ ಕೊಟ್ಟಿದ್ದ ರೋಮನ್ ಕಾಲದಲ್ಲಿ ಪೌಲನ ಪತ್ರ ತಂದೆಗಳನ್ನೇ ಹಿಡಿದು ನಿಲ್ಲಿಸಿ, ಮಕ್ಕಳಿಗೆ ಕೋಪವನ್ನೆಬ್ಬಿಸಬೇಡಿರಿ ಎನ್ನುತ್ತದೆ. ಯಾಜಕ ಏಲಿಯ ಕಥೆ ಇದರ ಒಂದು ತುದಿ. ಏಲಿ ಮಕ್ಕಳಿಗೆ ಬುದ್ಧಿ ಹೇಳಲಿಲ್ಲವೆಂದು ತುಂಬ ಜನ ತಿಳಿದಿದ್ದಾರೆ. ಹೇಳಿದ್ದಾನೆ, 1 ಸಮುವೇಲ 2ನೇ ಅಧ್ಯಾಯದಲ್ಲಿ, ಚೆನ್ನಾಗಿಯೇ. ತಡೆಯಲಿಲ್ಲ, ಅಷ್ಟೆ, 3:13ರ ಆರೋಪ ಅದೇ. ಏಲಿಯ ಮನೆಯಲ್ಲಿ ಉಪದೇಶ ಇತ್ತು, ಶಿಕ್ಷೆ ಇರಲಿಲ್ಲ. ಈ ಮನೆಯಲ್ಲಿ ಶಿಕ್ಷೆ ಇತ್ತು. 15 ಸುಳ್ಳುಗಳಲ್ಲಿ ಒಂದರ ಬಗ್ಗೆಯಾದರೂ ಮಗನ ಜೊತೆ ಕುಳಿತು ಯಾಕೆ ಎಂದು ಕೇಳಿದ್ದೀರಾ ಎಂದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಸಹಿ ಹಾಕಿದ್ದೀನಿ," ಎಂದರು.

ಹುಡುಗ ಹೇಳಿದ್ದು

ಎದುರುಬದುರು ಕೂರಿಸಿದರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಧರ್ಮೋಪದೇಶಕಾಂಡ 6:7 ದೇವರ ಮಾತನ್ನು ಮಕ್ಕಳಿಗೆ ಹೇಳಬೇಕಾದ ಹೊತ್ತುಗಳನ್ನು ಪಟ್ಟಿ ಮಾಡುವಾಗ ದಾರಿ ನಡೆಯುವಾಗ ಎಂದೂ ಸೇರಿಸಿದೆ. ಯಾಕೆಂದು ನನಗೆ ಅವತ್ತು ಅರ್ಥವಾಯಿತು. ಅಕ್ಕಪಕ್ಕ ನಡೆಯುವವರು ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಅರ್ಧ ಗಂಟೆ ಏನೇನೋ ಮಾತಾಡಿ ನಡೆದೆವು. ಆಮೇಲೆ ಅವನೇ ಶುರು ಮಾಡಿದ.

"ಬರೆದ್ರೆ ಮುಗೀತಲ್ಲ ಅಂಕಲ್. ಅಪ್ಪ ಆಮೇಲೆ ಅದರ ಸುದ್ದಿನೇ ಎತ್ತಲ್ಲ. ನಿಜ ಹೇಳಿದ್ರೆ ಮೂರು ದಿನ ಮಾತು ಬಿಡ್ತಾರೆ."

ಸುಳ್ಳಿಗೆ ಎರಡು ಪುಟ, ಸತ್ಯಕ್ಕೆ ಮೂರು ದಿನದ ಮೌನ. ಯಾವುದು ಅಗ್ಗ ಎಂದು ಮಗು ಲೆಕ್ಕ ಹಾಕಿತ್ತು. ಅಣ್ಣನನ್ನು ಕೊಲ್ಲಿಸಿ ಓಡಿಹೋಗಿದ್ದ ಮಗ ಅಬ್ಷಾಲೋಮ ತಿರುಗಿ ಬಂದ ಮೇಲೂ ದಾವೀದ ಅವನಿಗೆ ಮುಖ ತೋರಿಸದೆ ಎರಡು ವರ್ಷ ಯೆರೂಸಲೇಮಿನಲ್ಲೇ ಇರಿಸಿದ. ಕ್ಷಮೆಯೂ ಅಲ್ಲದ, ದಂಡನೆಯೂ ಅಲ್ಲದ ಆ ನಡುಮನೆಯ ಚಳಿ ಎಂಥದ್ದೆಂದು 2 ಸಮುವೇಲ 14 ಓದಿದವರಿಗೆ ಗೊತ್ತು. ಅದು ಮುಂದೆ ದಂಗೆಯಾಗಿ ಸಿಡಿಯಿತು.

ಕ್ಲಾಸಿಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. "ನೀವು ಬೈದ್ರಲ್ಲ," ಎಂದ. ನನಗೆ ನೆನಪೇ ಇರಲಿಲ್ಲ. ನ್ಯಾಯಸ್ಥಾಪಕರು 11ರ ಪಾಠದ ದಿನ ಅವನು ಕೈ ಎತ್ತಿದ್ದನಂತೆ: ಅಬ್ರಹಾಮ ಕತ್ತಿ ಎತ್ತಿದಾಗ ದೇವರು ತಡೆದ, ಯೆಪ್ತಾಹ ಹರಕೆಗಾಗಿ ಮಗಳನ್ನು ಬಲಿ ಕೊಡುವಾಗ ಯಾಕೆ ತಡೆಯಲಿಲ್ಲ? ನಾನು, "ಅದೆಲ್ಲ ಇರಲಿ, ಈ ವಾರದ ಕಂಠಪಾಠ ಒಪ್ಪಿಸು," ಎಂದೆನಂತೆ. ಎಲ್ಲರೂ ನಕ್ಕರಂತೆ. ಅಷ್ಟು ಸಾಲದೆಂದು ಆರಾಧನೆಯ ನಂತರ ಅಪ್ಪನ ಬೆನ್ನು ತಟ್ಟಿ, ನಿಮ್ಮ ಮಗ ದೊಡ್ಡ ದೊಡ್ಡ ಪ್ರಶ್ನೆ ಕೇಳುತ್ತಾನೆ ಎಂದು ತಮಾಷೆ ಮಾಡಿದ್ದೆ. ಅಪ್ಪನಿಗೆ ಅದು ದೂರಾಗಿ ಕೇಳಿಸಿ, ಅಧಿಕಪ್ರಸಂಗಕ್ಕೆಂದು 50 ಸಾಲು ಬರೆಸಿದ್ದರು. ಸಹಿ ಇದ್ದ ಪುಟಗಳಲ್ಲಿ ಕೊನೆಯ ಜೋಡಿ ಅದು. ಸುಳ್ಳಿನ ಲೆಕ್ಕಕ್ಕೆ ಸೇರದ ಹದಿನೈದನೆಯದು.

ಇಸ್ರಾಯೇಲರಿಗೆ ಪಸ್ಕ ಹಬ್ಬ ಕೊಟ್ಟಾಗಲೇ ನಿಮ್ಮ ಮಕ್ಕಳು ಇದರ ಅರ್ಥವೇನೆಂದು ಕೇಳುವರು ಎಂದು ವಿಮೋಚನಕಾಂಡ 12:26 ಹೇಳಿದೆ. ಧರ್ಮೋಪದೇಶಕಾಂಡ 6:20 ಅದನ್ನೇ ಮತ್ತೆ ಹೇಳುತ್ತದೆ, ಯೊರ್ದನಿನಿಂದ ತಂದ 12 ಕಲ್ಲುಗಳನ್ನು ನಿಲ್ಲಿಸಿದ್ದೂ ಮಕ್ಕಳು ಕೇಳಲೆಂದೇ. ಇಷ್ಟನ್ನು ವರ್ಷಗಟ್ಟಲೆ ಕಲಿಸಿದವನು ನಾನು. ಕೇಳಿದ ಹುಡುಗನಿಗೆ ಕಂಠಪಾಠ ಒಪ್ಪಿಸು ಎಂದವನೂ ನಾನೇ. ಅಲ್ಲೇ ದಾರಿಯಲ್ಲಿ ನಿಂತು ಅವನ ಕ್ಷಮೆ ಕೇಳಿದೆ. ಅವನಿಗೆ ಮುಜುಗರವಾಗಿ, "ಪರವಾಗಿಲ್ಲ ಅಂಕಲ್, ಬನ್ನಿ," ಎಂದು ಬಿರಬಿರನೆ ಮುಂದೆ ನಡೆದ.

ಇನ್ನೊಂದು ಮಾತು ಅವನು ಮನೆ ಹತ್ತಿರ ಬಂದಾಗ ಹೇಳಿದ. ಅಪ್ಪ ಮನೆಯಲ್ಲೇ ಸೋಫಾದ ಮೇಲೆ ಕುಳಿತು ಫೋನಿನಲ್ಲಿ "ಹೊರಟೆ, ದಾರಿಯಲ್ಲಿದ್ದೀನಿ" ಎನ್ನುತ್ತಾರೆ. "ಅವರಿಗೆ ಯಾರು ಸಹಿ ಹಾಕ್ತಾರೆ?"

ಮಾಡಿದ್ದು

ಆ ಪ್ರಶ್ನೆಯನ್ನು ಹುಡುಗನ ಒಪ್ಪಿಗೆ ಕೇಳಿಯೇ ಅಪ್ಪನಿಗೆ ಮುಟ್ಟಿಸಿದೆ. ಎರಡು ದಿನ ಅವರು ನನ್ನ ಫೋನ್ ಎತ್ತಲಿಲ್ಲ. ಮೂರನೆಯ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲ್ ತೆರೆಯದೆ ಮಕ್ಕಳಿಗೆ ಹೇಳಿದರಂತೆ: ನಾನು ಫೋನಿನಲ್ಲಿ ಸುಳ್ಳು ಹೇಳುತ್ತೇನೆ, ನಿಮಗೆ ವಚನ ಬರೆಸುತ್ತೇನೆ, ಅದು ತಪ್ಪು. ಪ್ರಶ್ನೆ ಕೇಳಿದ್ದಕ್ಕೆ ಬರೆಸಿದ್ದು ಇನ್ನೂ ದೊಡ್ಡ ತಪ್ಪು. ಅಷ್ಟೇ. ಭಾಷಣ ಇಲ್ಲ. ಮಗ ಏನೂ ಅನ್ನಲಿಲ್ಲ. ಮಗಳು ನೀರು ತಂದುಕೊಟ್ಟಳು.

ನೋಟ್‌ಬುಕ್ಕಿನ ಪದ್ಧತಿ ಅವತ್ತೇ ನಿಂತಿತು. ಆದರೆ ಐದು ವಾರದ ಸುಳ್ಳು ಹಾಗೇ ಉಳಿದಿತ್ತು, ಅದನ್ನು ಅಪ್ಪನ ಕ್ಷಮಾಪಣೆಯ ಅಡಿಗೆ ತಳ್ಳಿಬಿಡುವುದು ಸರಿಯಲ್ಲ ಎಂದು ಮೂವರಿಗೂ ಅನ್ನಿಸಿತು. ಬರೆಸುವುದರಲ್ಲಿ ಇದ್ದ ದೊಡ್ಡ ದೋಷವೆಂದರೆ ಸುಳ್ಳಿನಿಂದ ಪೆಟ್ಟಾದವರು ಯಾರು ಎಂಬ ಪ್ರಶ್ನೆಯೇ ಅಲ್ಲಿ ಬರುತ್ತಿರಲಿಲ್ಲ. ಯಾಜಕಕಾಂಡ 6ರ ಮೊದಲ ವಚನಗಳು ಇದನ್ನೇ ಕೇಳುತ್ತವೆ: ನೆರೆಯವನಿಗೆ ಮೋಸ ಮಾಡಿದವನು ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಮೇಲೆ ಐದನೆಯ ಒಂದು ಪಾಲು ಸೇರಿಸಿ, ಯಾರಿಗೆ ಸೇರಬೇಕೋ ಅವರ ಕೈಗೇ ಕೊಡಬೇಕು. ಅಪ್ಪ ಅದನ್ನು ಓದಿ, "ಇಲ್ಲಿ ನೀನು ಯಾರಿಂದ ಏನು ತೆಗೆದುಕೊಂಡೆ?" ಎಂದು ಮಾತ್ರ ಕೇಳಿದರು.

ಹುಡುಗ ಯೋಚಿಸಿದ. ತಂಗಿಯ ಪಾಠವನ್ನು ಕದ್ದು ತನ್ನದೆಂದು ಒಪ್ಪಿಸಿದ್ದ. ಅವಳನ್ನು ಗೊತ್ತಿಲ್ಲದೆ ಸುಳ್ಳಿನ ಪಾಲುದಾರಳಾಗಿ ಮಾಡಿದ್ದ. ಐದು ವಾರ. ಐದರಲ್ಲಿ ಒಂದು ಪಾಲು ಅಂದರೆ ಇನ್ನೊಂದು ವಾರ. ಆರು ವಾರ ಅವಳ ಸರದಿಯ ಪಾತ್ರೆ ತಾನು ತೊಳೆಯುತ್ತೇನೆ ಎಂದ. ಆ ಗಣಿತ ಅವನದೇ, ಯಾರೂ ಹೇಳಿಕೊಟ್ಟದ್ದಲ್ಲ. ನಾಲ್ಕನೆಯ ವಾರ ಗೊಣಗಾಟ ಶುರುವಾಯಿತು, ಆರನೆಯ ವಾರ ಮುಗಿಸಿದ.

ಪ್ರಾರ್ಥನೆಯ ಹೊತ್ತು 40ರಿಂದ 15 ನಿಮಿಷಕ್ಕೆ ಇಳಿಯಿತು. ಶನಿವಾರ ಮಾತ್ರ ಗಡಿಯಾರ ಇಲ್ಲ, ಪ್ರಶ್ನೆಯ ದಿನ. ಮೊದಲ ಶನಿವಾರ ಯೆಪ್ತಾಹನೇ. ನನ್ನನ್ನೂ ಕರೆದಿದ್ದರು. ಅಪ್ಪನೂ ಮಗನೂ ಸೇರಿ ಹುಡುಕಿದ್ದು ಇಷ್ಟು: ಮಕ್ಕಳನ್ನು ಬಲಿ ಕೊಡುವುದನ್ನು ಧರ್ಮೋಪದೇಶಕಾಂಡ 12:31 ಅಸಹ್ಯ ಎನ್ನುತ್ತದೆ; ಹರಕೆಗೆ ಒಪ್ಪಿಸಿದ ಮನುಷ್ಯರನ್ನು ಬೆಲೆ ಕೊಟ್ಟು ಬಿಡಿಸಿಕೊಳ್ಳಲು ಯಾಜಕಕಾಂಡ 27 ದಾರಿ ಕೊಟ್ಟಿದೆ; ನ್ಯಾಯಸ್ಥಾಪಕರು ಗ್ರಂಥದ ಕೊನೆಯ ವಚನ ಪ್ರತಿಯೊಬ್ಬನೂ ತನಗೆ ಸರಿತೋರಿದಂತೆ ನಡೆಯುತ್ತಿದ್ದ ಕಾಲ ಅದು ಎನ್ನುತ್ತದೆ. "ಹಾಗಾದ್ರೆ ಅವನಿಗೆ ವಾಕ್ಯ ಗೊತ್ತಿರಲಿಲ್ವಾ?" ಎಂದ ಮಗ. "ಗೊತ್ತಿದ್ರೂ ತನ್ನ ಮಾತೇ ದೊಡ್ಡದು ಅಂದ್ಕೊಂಡಿರಬೇಕು," ಎಂದರು ಅಪ್ಪ. ದೇವರು ಯಾಕೆ ತಡೆಯಲಿಲ್ಲ ಎಂಬುದಕ್ಕೆ ಉತ್ತರ ಸಿಗಲಿಲ್ಲ. "ಗೊತ್ತಿಲ್ಲ ಕಣೋ," ಎಂದರು. ಆ ಮನೆಯಲ್ಲಿ ಬೈಬಲಿನ ವಿಷಯದಲ್ಲಿ ಅಪ್ಪನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲಂತೆ.

ಸಭೆಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. ಮಕ್ಕಳೆದುರು ತಂದೆ ತಪ್ಪೊಪ್ಪಿಕೊಂಡರೆ ಅಧಿಕಾರ ಎಲ್ಲಿ ಉಳಿಯುತ್ತದೆ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಆಕ್ಷೇಪ ಹಗುರವಾದದ್ದಲ್ಲ. ಮಕ್ಕಳು ತಂದೆತಾಯಿಯ ಮಾತು ಕೇಳಬೇಕೆಂಬುದು ಎಫೆಸ 6ರ ಮೊದಲ ವಚನವೇ, ಅದನ್ನು ಹಾರಿ ನಾಲ್ಕನೆಯದಕ್ಕೆ ಹೋಗುವ ಮನೆಗಳನ್ನೂ ಕಂಡಿದ್ದೇನೆ. ಮಗ ಅದೋನೀಯನಿಗೆ ಒಂದು ಸಲವೂ ಹೀಗೇಕೆ ಮಾಡಿದೆ ಎಂದು ಕೇಳದ ದಾವೀದ, 1 ಅರಸುಗಳು 1:6ರಲ್ಲಿ, ಸಲಿಗೆಯ ಅಪ್ಪಂದಿರಿಗೆ ಎಚ್ಚರಿಕೆ. ಆದರೆ ಅಲ್ಲಿ ತಪ್ಪಿಹೋದದ್ದು ಏಟಲ್ಲ, ಒಂದು ಪ್ರಶ್ನೆ. ಈ ಅಪ್ಪ ಕೇಳಲು ಶುರು ಮಾಡಿದ್ದು ಅದೇ ಪ್ರಶ್ನೆಯನ್ನು, ಮೊದಲು ತನಗೆ, ಆಮೇಲೆ ಮಗನಿಗೆ. ಹಿರಿಯರು ಒಪ್ಪಲಿಲ್ಲ. ನಾವಿಬ್ಬರೂ ಇನ್ನೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ.

ಈಗ

ಹುಡುಗ ಸುಳ್ಳು ಬಿಟ್ಟಿದ್ದಾನೆಯೇ? ಇಲ್ಲ. ಜ್ಞಾನೋಕ್ತಿ ಅನುಭವದ ನುಡಿ, ಖಾತರಿ ಪತ್ರವಲ್ಲ; 26ನೇ ಅಧ್ಯಾಯದಲ್ಲಿ ಮೂಢನಿಗೆ ಉತ್ತರ ಕೊಡಬೇಡ, ಉತ್ತರ ಕೊಡು ಎಂಬ ಎರಡು ವಚನಗಳು ಅಕ್ಕಪಕ್ಕದಲ್ಲೇ ಕೂತಿವೆ. ಹನ್ನೊಂದನೆಯ ತಿಂಗಳು ಪರೀಕ್ಷೆಯ ಅಂಕದ ಬಗ್ಗೆ ಸುಳ್ಳು ಹೇಳಿದ. ಎರಡು ರಾತ್ರಿ ಕಳೆದು, ಎಲ್ಲರೂ ಮಲಗಿದ ಮೇಲೆ, ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ತಾನೇ ಹೇಳಿದ. ಅಪ್ಪ, "ಹೇಳಿದ್ದು ಒಳ್ಳೇದಾಯ್ತು. ಬೆಳಿಗ್ಗೆ ಕೂತು ಮಾತಾಡೋಣ, ಈಗ ಮಲ್ಕೋ," ಎಂದರು. ಅವರಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಏನು ಹೇಳಬೇಕೋ ಗೊತ್ತಿಲ್ಲದೆ ನನಗೆ ಐದೂವರೆಗೆ ಫೋನ್ ಮಾಡಿದರು. ನನಗೂ ಗೊತ್ತಿರಲಿಲ್ಲ.

ಈ ವರ್ಷವೆಲ್ಲ ನಾವು ಯಾರೂ ಸರಿಯಾಗಿ ನೋಡದೆ ಬಿಟ್ಟದ್ದು ಮಗಳನ್ನು. ಅವಳು ಹೇಳಿದ ಮಾತು ಕೇಳುವವಳು, ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಪುಟವೇ ಇರಲಿಲ್ಲ. ಅಂಕದ ವಿಷಯ ಮುಗಿದ ದಿನ ಅವಳು ತಟ್ಟೆ ಬಿಟ್ಟು ಎದ್ದು ಮೆಟ್ಟಿಲ ಮೇಲೆ ಹೋಗಿ ಕುಳಿತಳು. "ಅಣ್ಣ ಸುಳ್ಳು ಹೇಳಿ ಆಮೇಲೆ ನಿಜ ಹೇಳಿದ್ರೆ ಎಲ್ಲರೂ ಒಳ್ಳೇದಾಯ್ತು ಅಂತೀರ. ನಾನು ಯಾವಾಗ್ಲೂ ನಿಜಾನೇ ಹೇಳ್ತೀನಿ. ನನಗೆ ಯಾರು ಏನಂದ್ರು?"

ಮನೆ ಬಿಟ್ಟುಹೋಗಿ ತಿರುಗಿ ಬಂದ ತಮ್ಮನಿಗೆ ಔತಣ ನಡೆಯುವಾಗ ಲೂಕ 15ರ ದೊಡ್ಡ ಮಗ ಕೇಳಿದ್ದೂ ಇದನ್ನೇ, ಹೊಲದಿಂದ ಬಂದು ಬಾಗಿಲ ಹೊರಗೆ ನಿಂತು. ಆ ತಂದೆ ಅವನಿಗಾಗಿಯೂ ಹೊರಗೆ ಬಂದ. ಮಗ ಒಳಗೆ ಹೋದನೋ ಇಲ್ಲವೋ ಎಂದು ಯೇಸು ಹೇಳಲಿಲ್ಲ. ಈ ಅಪ್ಪನೂ ಹೋಗಿ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತರು. ಏನು ಮಾತಾಡಿದರೋ ಅಮ್ಮನಿಗೂ ಕೇಳಿಸಲಿಲ್ಲವಂತೆ. ಮುಂದಿನ ಶನಿವಾರದ ಪ್ರಶ್ನೆ ಅವಳದು, ಏನೆಂದು ಇನ್ನೂ ಯಾರಿಗೂ ಹೇಳಿಲ್ಲ.